ದಿ ಶೈನಿಂಗ್ 4ಕೆ ಡಿಸ್ಕ್: ಚಿತ್ರ ಚೊಕ್ಕ, ಸದ್ದು ಅರೆಬರೆ

ಸ್ಟೀಫನ್ ಕಿಂಗ್ ಅವರ 1977ರ ಭಯಾನಕ ಕಾದಂಬರಿ ದಿ ಶೈನಿಂಗ್ ಅನ್ನು ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ ಸಿನಿಮಾ ಮಾಡಿ ಕೆಡಿಸಿದರೋ ಬೆಳೆಸಿದರೋ ಎಂಬ ಜಗಳಕ್ಕೆ 1980ರಿಂದ ಬಿಡುವೇ ಸಿಕ್ಕಿಲ್ಲ. ಎಷ್ಟೋ ಸಲ ಜಗಳವಾಡುವ ಇಬ್ಬರೂ ನೋಡಿರುವುದು ಒಂದೇ ಸಿನಿಮಾ ಆಗಿರುವುದಿಲ್ಲ. ಅಮೆರಿಕದಲ್ಲಿ ಮೊದಲು ತೆರೆಕಂಡಾಗ ಅದು 146 ನಿಮಿಷ ಇತ್ತು. ಚಿತ್ರಮಂದಿರಗಳಲ್ಲಿ ಓಡುತ್ತಿರುವಾಗಲೇ ಕೊನೆಯ ಆಸ್ಪತ್ರೆ ದೃಶ್ಯವನ್ನು ಕತ್ತರಿಸಿ 144ಕ್ಕೆ ಇಳಿಸಿದರು. ಯುರೋಪಿಗೆ ಕಳಿಸುವ ಮುನ್ನ ಕುಬ್ರಿಕ್ ಅವರೇ ಇನ್ನೂ 25 ನಿಮಿಷ ತೆಗೆದು 119ಕ್ಕೆ ತಂದರು. 2019ರಲ್ಲಿ ವಾರ್ನರ್ ಬ್ರದರ್ಸ್ ಅಮೆರಿಕದಲ್ಲಿ ಹೊರತಂದ 4ಕೆ ಡಿಸ್ಕ್‌ನಲ್ಲಿ ಇರುವುದು 144 ನಿಮಿಷದ ಆವೃತ್ತಿ ಮಾತ್ರ. ಕೊಳ್ಳುವ ಮುನ್ನ ಡಬ್ಬಿಯ ಹಿಂಬದಿಯಲ್ಲಿ ಅವಧಿ ಎಷ್ಟಿದೆ ಎಂದು ನೋಡಿಕೊಳ್ಳಿ. (ಮುಂದೆ ಕಥೆಯ ಕೊನೆಯೂ ಚರ್ಚೆಗೆ ಬರುತ್ತದೆ.)

ಆ 25 ನಿಮಿಷದಲ್ಲಿ ಏನಿದೆ ಎಂಬುದು ಸಣ್ಣ ವಿಷಯವಲ್ಲ. ಚಳಿಗಾಲಕ್ಕೆ ಮುಚ್ಚಿದ ಬೆಟ್ಟದ ಹೋಟೆಲನ್ನು ನೋಡಿಕೊಳ್ಳಲು ಬರಹಗಾರ ಜ್ಯಾಕ್ ಹೆಂಡತಿ ವೆಂಡಿ, ಮಗ ಡ್ಯಾನಿ ಜೊತೆ ಹೋಗುವುದು, ಅಲ್ಲಿ ಅವನ ಮತಿ ಕೆಡುವುದು ಕಥೆ. ಡ್ಯಾನಿ ಪ್ರಜ್ಞೆ ತಪ್ಪಿದ ಮೇಲೆ ಮನೆಗೆ ವೈದ್ಯೆ ಬರುವ ಇಡೀ ದೃಶ್ಯ ಉದ್ದದ ಆವೃತ್ತಿಯಲ್ಲಷ್ಟೇ ಉಳಿದಿದೆ. ಗಂಡ ಕುಡಿದು ಬಂದು ಮಗನ ತೋಳು ಕೀಲು ತಪ್ಪಿಸಿದ್ದನ್ನು ವೆಂಡಿ ಹೇಳುವುದು ಅಲ್ಲೇ. ಆಕೆಯ ಸಿಗರೇಟಿನ ತುದಿಯಲ್ಲಿ ಬೂದಿ ಉದ್ದಕ್ಕೆ ಬೆಳೆಯುತ್ತಿರುತ್ತದೆ, ಆಕೆ ನಗಲು ಪ್ರಯತ್ನಿಸುತ್ತಿರುತ್ತಾಳೆ. ಆಮೇಲೆ ಗಂಡ ಕುಡಿತ ಬಿಟ್ಟು ಐದು ತಿಂಗಳಾಯಿತು ಎನ್ನುತ್ತಾಳೆ. ಮುಂದೆ ಬಾರಿನಲ್ಲಿ ಜ್ಯಾಕ್ ಅದೇ ಘಟನೆ ಮೂರು ವರ್ಷದ ಹಿಂದಿನದು ಎಂದು ರೇಗುತ್ತಾನೆ. ಅಂದರೆ ಮಗನನ್ನು ನೋಯಿಸಿದ ಮೇಲೂ ಅವನು ವರ್ಷಗಟ್ಟಲೆ ಕುಡಿದಿದ್ದಾನೆ, ಇಲ್ಲವೇ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಚಿಕ್ಕ ಆವೃತ್ತಿಯಲ್ಲಿ ವೆಂಡಿಯ ಮಾತೇ ಇಲ್ಲ, ಹಾಗಾಗಿ ಈ ಬಿರುಕೂ ಕಾಣುವುದಿಲ್ಲ. ಕುಡುಕ ತಂದೆಯ ಕಥೆಯನ್ನು ಕುಬ್ರಿಕ್ ಪೂರ್ತಿ ಕೈಬಿಟ್ಟರು ಎಂದು ದೂರುವವರು ಈ ದೃಶ್ಯ ನೋಡಿದ ಮೇಲೆ ಮಾತನಾಡಬೇಕು. ಅದೇ ಕಾರಣಕ್ಕೆ ಎರಡೂ ಆವೃತ್ತಿ ಒಂದೇ ಡಬ್ಬಿಯಲ್ಲಿ ಇರಬೇಕಿತ್ತು. ಈ ಡಿಸ್ಕ್‌ನ ದೊಡ್ಡ ಕೊರತೆ ಇದು.

ಚಿತ್ರದ ಗುಣಮಟ್ಟಕ್ಕೆ ಬಂದರೆ ತಕರಾರಿಲ್ಲ. ಮೂಲ 35 ಎಂಎಂ ನೆಗೆಟಿವ್ ಅನ್ನು ಹೊಸದಾಗಿ 4ಕೆಯಲ್ಲಿ ಸ್ಕ್ಯಾನ್ ಮಾಡಿದ್ದಾರೆ. ಕುಬ್ರಿಕ್ ಅವರ ಬಹುಕಾಲದ ಸಹಾಯಕ ಲಿಯಾನ್ ವಿಟಾಲಿ ಅದರ ಮೇಲ್ವಿಚಾರಣೆ ನೋಡಿಕೊಂಡರು. ಹಳೆಯ ಬ್ಲೂ-ರೇ ಪಕ್ಕದಲ್ಲಿಟ್ಟು ನೋಡಬೇಕಾದ್ದು ಹೋಟೆಲಿನ ಬಾರ್ ಇರುವ ಗೋಲ್ಡ್ ರೂಮಿನ ದೀಪಗಳು ಮತ್ತು ಕೊನೆಯ ಹಿಮದ ಚಕ್ರವ್ಯೂಹ. ಮಂಜಿನೊಳಗಿಂದ ಬರುವ ದೀಪದ ಬೆಳಕು ಬರೀ ಬಿಳಿ ತೇಪೆಯಾಗಿ ಉಳಿಯದೆ ಹಂತಹಂತವಾಗಿ ಕರಗುತ್ತದೆ. ಟಿವಿಯಲ್ಲಿ ಎರಡು ಸೆಟ್ಟಿಂಗ್ ಆಫ್ ಮಾಡದಿದ್ದರೆ ಇದೆಲ್ಲ ವ್ಯರ್ಥ. ಒಂದು ನಾಯ್ಸ್ ರಿಡಕ್ಷನ್. ಅದು ಫಿಲ್ಮ್ ಗ್ರೇನ್ ಅನ್ನು, ಅಂದರೆ ಫಿಲ್ಮಿನ ಸಹಜ ಸಣ್ಣ ಕಣಗಳನ್ನು, ಕಸವೆಂದು ತಿಳಿದು ಒರೆಸುತ್ತದೆ, ಮುಖಗಳು ಮೇಣದ ಹಾಗಾಗುತ್ತವೆ. ಇನ್ನೊಂದು ಮೋಷನ್ ಸ್ಮೂದಿಂಗ್. ಸೆಕೆಂಡಿಗೆ 24 ಫ್ರೇಮಿನ ಚಿತ್ರಕ್ಕೆ ಟಿವಿ ತಾನೇ ನಡುವಿನ ಫ್ರೇಮುಗಳನ್ನು ಹುಟ್ಟಿಸಿ ಸೇರಿಸುತ್ತದೆ. ಡ್ಯಾನಿಯ ಟ್ರೈಸಿಕಲ್ ಹಿಂದೆ ಕ್ಯಾಮೆರಾ ನಿರ್ವಾಹಕ ಗ್ಯಾರೆಟ್ ಬ್ರೌನ್ ಅವರ ಸ್ಟೆಡಿಕ್ಯಾಮ್ (ಹಿಡಿದು ನಡೆದರೂ ಅಲುಗದ ಕ್ಯಾಮೆರಾ) ಸಾಗುವಾಗ ನೆಲಹಾಸಿನ ವಿನ್ಯಾಸ ಒಂದೇ ಥರ ಮರುಕಳಿಸುತ್ತದೆ. ಇಲ್ಲಿ ಟಿವಿಯ ಲೆಕ್ಕ ತಪ್ಪುತ್ತದೆ, ಚಕ್ರದ ಅಂಚಿನಲ್ಲಿ ಚಿತ್ರ ಒಡೆಯುತ್ತದೆ. ಫಿಲ್ಮ್‌ಮೇಕರ್ ಮೋಡ್ (ಟಿವಿಯ ಇಂಥ ತಿದ್ದುವಿಕೆಗಳನ್ನು ಆಫ್ ಮಾಡುವ ಸೆಟ್ಟಿಂಗ್) ಇದ್ದರೆ ಅದನ್ನೇ ಹಾಕಿ, ಕೋಣೆ ಕತ್ತಲು ಮಾಡಿ.

ಚೌಕಟ್ಟಿನ ಅಗಲ-ಎತ್ತರದ ಅನುಪಾತ 1.78:1. ಹಳೆಯ ಡಿವಿಡಿಗಳಲ್ಲಿ 4:3 ಚೌಕಟ್ಟು ಇತ್ತು. ಆರಂಭದ ಬೆಟ್ಟದ ರಸ್ತೆಯಲ್ಲಿ ಹೆಲಿಕಾಪ್ಟರಿನ ನೆರಳು ಕಾಣುತ್ತದೆ ಎಂದು ವರ್ಷಾನುಗಟ್ಟಲೆ ನಡೆದ ಚರ್ಚೆ ಬೆಳೆದದ್ದು ಅದರಿಂದಲೇ. ಚಿತ್ರಮಂದಿರದ ಅಗಲ ಪರದೆಗೆ ಮರೆಯಾಗಬೇಕಿದ್ದ ಭಾಗವೂ ಅದರಲ್ಲಿ ತೆರೆದುಕೊಂಡಿತ್ತು.

ಸದ್ದಿನ ವಿಷಯದಲ್ಲಿ ಬೇಸರವಿದೆ. ಸಿನಿಮಾ ತಯಾರಾದದ್ದು ಮೊನೊದಲ್ಲಿ, ಅಂದರೆ ಒಂದೇ ಚಾನೆಲ್‌ನಲ್ಲಿ; ಡಿಸ್ಕ್‌ನಲ್ಲಿರುವ ಇಂಗ್ಲಿಷ್ ಟ್ರ್ಯಾಕ್ ಆರು ಚಾನೆಲ್‌ಗಳ 5.1 ಮರುಮಿಶ್ರಣ. ಟ್ರೈಸಿಕಲ್ ಮರದ ನೆಲದಿಂದ ಕಾರ್ಪೆಟ್ಟಿಗೆ ಹತ್ತಿದಾಗ ಸದ್ದು ಒಮ್ಮೆಲೇ ಅಡಗುವುದು, ಇಳಿದಾಗ ಮತ್ತೆ ಗಡಗಡಿಸುವುದು ಇಲ್ಲೂ ಚೆನ್ನಾಗಿಯೇ ಇದೆ. ಬಾರ್ಟೋಕ್, ಪೆಂಡೆರೆಟ್ಸ್ಕಿ ಸಂಗೀತವೂ ಹರಡಿಕೊಂಡು ಕೇಳುತ್ತದೆ. ಆದರೂ ನಿರ್ದೇಶಕರು ಒಪ್ಪಿ ಬಿಡುಗಡೆ ಮಾಡಿದ ಮೊನೊ ಟ್ರ್ಯಾಕನ್ನು ಆಯ್ಕೆಯಾಗಿಯಾದರೂ ಕೊಡಬೇಕಿತ್ತು. ಒಂದೇ ಚಾನೆಲ್‌ನ ಆಡಿಯೊಗೆ ಡಿಸ್ಕ್‌ನಲ್ಲಿ ಬೇಕಾಗುವ ಜಾಗ ತೀರಾ ಕಡಿಮೆ.

ಇನ್ನು ಅಳವಡಿಕೆಯ ಪ್ರಶ್ನೆ. ಕಾದಂಬರಿಯ ಬೆನ್ನೆಲುಬು ಬಾಯ್ಲರ್. ಅದರ ಒತ್ತಡವನ್ನು ದಿನಕ್ಕೆ ಇಷ್ಟು ಸಲ ಇಳಿಸುವುದು ಜ್ಯಾಕ್‌ನ ಕೆಲಸ. ಅವನು ಮರೆತ ದಿನ ಹೋಟೆಲು ಸ್ಫೋಟವಾಗುತ್ತದೆ. ಕುಬ್ರಿಕ್ ಮತ್ತು ಸಹಲೇಖಕಿ ಡಯೇನ್ ಜಾನ್ಸನ್ ಈ ಗಡಿಯಾರವನ್ನೇ ಕಿತ್ತುಹಾಕಿದರು. ಸಿನಿಮಾದಲ್ಲಿ ಬಾಯ್ಲರ್ ಕೋಣೆಯಲ್ಲಿ ಮೀಟರು ನೋಡುತ್ತಿರುವವಳು ವೆಂಡಿ, ಗಂಡ ಮೇಲೆ ಟೈಪ್‌ರೈಟರ್ ಮುಂದೆ ಇರುತ್ತಾನೆ. ಈ ಒಂದು ಶಾಟಿನಲ್ಲಿ ಆ ಸಂಸಾರವನ್ನು ಎಳೆಯುತ್ತಿರುವವರು ಯಾರು ಎಂಬುದು ತಿಳಿಯುತ್ತದೆ. ಗಡಿಯಾರ ಹೋದ ಜಾಗಕ್ಕೆ ಪೊದೆಗಳ ಚಕ್ರವ್ಯೂಹ ಬಂತು. ಅದನ್ನು ಕೊನೆಯಲ್ಲಿ ತುರುಕಿಲ್ಲ. ತಾಯಿ ಮಗ ಮೊದಲೇ ಒಳಗೆ ನಡೆದಾಡುತ್ತಾರೆ, ಜ್ಯಾಕ್ ಅದರ ಮಾದರಿಯ ಮೇಲೆ ಬಾಗಿ ನೋಡುತ್ತಾನೆ. ಕೊನೆಗೆ ಹುಡುಗ ತನ್ನದೇ ಹೆಜ್ಜೆಗುರುತಿನ ಮೇಲೆ ಹಿಂದಕ್ಕೆ ನಡೆದು ತಪ್ಪಿಸಿಕೊಂಡಾಗ ಆ ಜಾಗದ ಪರಿಚಯ ನೋಡುಗರಿಗೆ ಆಗಲೇ ಇರುತ್ತದೆ. ಒಂದು ಭಾಗ ತೆಗೆದರೆ ಅದು ಮಾಡುತ್ತಿದ್ದ ಕೆಲಸವನ್ನು ಇನ್ನೊಂದಕ್ಕೆ ವಹಿಸಬೇಕು. ಕುಬ್ರಿಕ್ ಇಲ್ಲಿ ಅದನ್ನು ಶಿಸ್ತಾಗಿ ಮಾಡಿದ್ದಾರೆ.

ಎಲ್ಲ ಬದಲಾವಣೆಗೂ ಈ ಸಮರ್ಥನೆ ಸಲ್ಲದು. ಪುಸ್ತಕದಲ್ಲಿ ಜ್ಯಾಕ್ ಕೊನೆಗಳಿಗೆಯಲ್ಲಿ ಒಮ್ಮೆ ತಾನಾಗಿ, ಓಡಿಹೋಗು ಎಂದು ಮಗನಿಗೆ ಹೇಳುತ್ತಾನೆ. ಸಿನಿಮಾದಲ್ಲಿ ಆ ತಂದೆ ಸಿಗುವುದಿಲ್ಲ, ಅವನ ಜಾಗಕ್ಕೆ ಬೇರೇನೂ ಬಂದಿಲ್ಲ. ಹೋಟೆಲಿನ ಅಡುಗೆಯವ ಹ್ಯಾಲೊರನ್ ಪುಸ್ತಕದಲ್ಲಿ ಬದುಕಿ ತಾಯಿ ಮಗನನ್ನು ಕಾಪಾಡುತ್ತಾನೆ. ಇಲ್ಲಿ ಅಷ್ಟು ದೂರದಿಂದ ಬಂದವನು ಒಳಗೆ ಕಾಲಿಟ್ಟು ಸ್ವಲ್ಪ ಹೊತ್ತಿಗೇ ಕೊಡಲಿಗೆ ಬಲಿ, ಉಳಿದವರಿಗೆ ಅವನಿಂದ ಸಿಗುವುದು ಹಿಮದ ವಾಹನ ಮಾತ್ರ. ಜ್ಯಾಕ್ ಮೊದಲ ದೃಶ್ಯದಿಂದಲೇ ಹುಚ್ಚನಂತೆ ಕಾಣುತ್ತಾನೆ ಎಂಬ ಕಿಂಗ್ ಅವರ ದೂರಿನಲ್ಲಿ ತೂಕವಿದೆ. ಜ್ಯಾಕ್ ಪಾತ್ರದ ನಿಕೋಲ್ಸನ್ ಹುಬ್ಬು ಕೆಲಸದ ಸಂದರ್ಶನದಲ್ಲೇ ಏರಿರುತ್ತದೆ.

ನಿಷ್ಠೆಯೊಂದೇ ಸಾಕು ಎನ್ನುವವರು ಕಿಂಗ್ ತಾವೇ ಚಿತ್ರಕಥೆ ಬರೆದ 1997ರ ಮೂರು ಕಂತಿನ ಟಿವಿ ಸರಣಿಯನ್ನು ಪಕ್ಕದಲ್ಲಿಟ್ಟು ನೋಡಲಿ. ಬಾಯ್ಲರ್ ಇದೆ, ಜೀವ ಬರುವ ಪೊದೆಯ ಪ್ರಾಣಿಗಳೂ ಇವೆ. ಓದುವಾಗ ಬೆನ್ನಲ್ಲಿ ಚಳಿ ಹುಟ್ಟಿಸುವ ಆ ಪ್ರಾಣಿಗಳು ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಆಟಿಕೆಗಳಾಗಿಬಿಟ್ಟಿವೆ. ಇದೇ ಕಥೆಯ ಮುಂದುವರಿಕೆಯಾದ ಮೈಕ್ ಫ್ಲ್ಯಾನಗನ್ ಅವರ 2019ರ ಸಿನಿಮಾ ಡಾಕ್ಟರ್ ಸ್ಲೀಪ್ ಹೆಚ್ಚು ಜಾಣತನದ ದಾರಿ ಹಿಡಿಯಿತು. ಕುಬ್ರಿಕ್ ಕಟ್ಟಿದ ಹೋಟೆಲನ್ನೇ ಮರಳಿ ಕಟ್ಟಿ, ಕಿಂಗ್ ಬರೆದ ಬಾಯ್ಲರಿನಿಂದ ಅದನ್ನು ಸುಟ್ಟಿತು.

ಹೆಚ್ಚುವರಿ ಸಾಮಗ್ರಿಯಲ್ಲಿ ಹೊಸದು ಕಡಿಮೆ. ಗ್ಯಾರೆಟ್ ಬ್ರೌನ್ ಮತ್ತು ಕುಬ್ರಿಕ್ ಜೀವನಚರಿತ್ರೆ ಬರೆದ ಜಾನ್ ಬ್ಯಾಕ್ಸ್ಟರ್ ಅವರ ಕಾಮೆಂಟರಿಯನ್ನು ತಪ್ಪಿಸಬೇಡಿ, ಕ್ಯಾಮೆರಾ ಹೇಗೆ ನೆಲಮಟ್ಟಕ್ಕೆ ಇಳಿಯಿತು ಎಂಬುದನ್ನು ಅದನ್ನು ಹಿಡಿದವರ ಬಾಯಲ್ಲೇ ಕೇಳಬಹುದು. ಜೊತೆಯ ಬ್ಲೂ-ರೇಯಲ್ಲಿ ಕುಬ್ರಿಕ್ ಮಗಳು ವಿವಿಯನ್ ಚಿತ್ರೀಕರಿಸಿದ ಸಾಕ್ಷ್ಯಚಿತ್ರವಿದೆ. ವೆಂಡಿ ಪಾತ್ರ ಮಾಡಿದ ಶೆಲ್ಲಿ ಡುವಾಲ್ ಮೇಲೆ ನಿರ್ದೇಶಕರು ಸೆಟ್ಟಿನಲ್ಲಿ ರೇಗುವುದು ಅದರಲ್ಲೇ ದಾಖಲಾಗಿದೆ. ಆಕೆಯನ್ನು ನಡೆಸಿಕೊಂಡ ರೀತಿ ಸರಿಯೇ ಎಂದು ವಾದಿಸುವವರು ತುಣುಕು ವಿಡಿಯೊಗಳನ್ನು ಬಿಟ್ಟು ಇದನ್ನು ಪೂರ್ತಿ ನೋಡಬೇಕು. ಮೊದಲ ರ‍್ಯಾಝಿ ಪ್ರಶಸ್ತಿಗಳಲ್ಲಿ (ಕೆಟ್ಟ ಸಿನಿಮಾಗಳನ್ನು ಗೇಲಿ ಮಾಡುವ ಪ್ರಶಸ್ತಿ) ಕೆಟ್ಟ ನಟಿ ಎಂದು ಆಕೆಗೆ ಕೊಟ್ಟಿದ್ದ ನಾಮನಿರ್ದೇಶನವನ್ನು 2022ರಲ್ಲಿ ಹಿಂಪಡೆದರು.

4ಕೆ ಡಿಸ್ಕ್‌ಗೆ ಪ್ರಾದೇಶಿಕ ನಿರ್ಬಂಧವಿಲ್ಲ. ಆದರೆ ಮಾಮೂಲಿ ಬ್ಲೂ-ರೇ ಪ್ಲೇಯರಿನಲ್ಲಿ ಅದು ಓಡುವುದಿಲ್ಲ, 4ಕೆ ಪ್ಲೇಯರೇ ಬೇಕು. ಎಚ್‌ಡಿಆರ್ (ಬೆಳಕು-ಕತ್ತಲಿನ ಹೆಚ್ಚು ಹಂತಗಳನ್ನು ತೋರಿಸುವ ಸೌಲಭ್ಯ) ಇಲ್ಲದ ಅಥವಾ ಚಿಕ್ಕ ಪರದೆ ಇರುವವರು, ಹಳೆಯ ಬ್ಲೂ-ರೇ ಕೈಯಲ್ಲಿದ್ದರೆ, ಅದರಲ್ಲೇ ಮುಂದುವರಿಯಬಹುದು. ದೊಡ್ಡ ಎಚ್‌ಡಿಆರ್ ಟಿವಿ ಇರುವವರು ಕೊಳ್ಳಿ. 119 ನಿಮಿಷದ ಆವೃತ್ತಿಯೇ ಬೇಕೆನ್ನುವವರು ಅದಕ್ಕೆ ಬೇರೆ ಡಿಸ್ಕ್ ಹುಡುಕಬೇಕು.