ಹಳೆಯ ಹೋಸ್ಟಿಂಗ್ ರದ್ದು ಮಾಡುವ ಮುಂಚೆ ಇದನ್ನೊಮ್ಮೆ ಓದಿ

ತಪ್ಪು ನನ್ನದೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನನ್ನದೊಂದು, ಗೆಳೆಯರದು ಎರಡು, ಒಟ್ಟು ಮೂರು ವರ್ಡ್‌ಪ್ರೆಸ್ ಸೈಟುಗಳು ಒಂದೇ ಹೋಸ್ಟಿಂಗ್ ಖಾತೆಯಲ್ಲಿದ್ದವು, ಅಂದ್ರೆ ಬಾಡಿಗೆಗೆ ಪಡೆದ ಒಂದೇ ಸರ್ವರ್ ಜಾಗದಲ್ಲಿ. ರಿನ್ಯೂವಲ್‌ಗೆ ನಾಲ್ಕು ದಿನ ಉಳಿದಿತ್ತು. ಸುಮ್ನೆ ಇನ್ನೊಂದು ವರ್ಷದ ದುಡ್ಡು ಯಾಕೆ ಕಟ್ಟಬೇಕು ಅಂತ ಹೊಸ ಸರ್ವರ್ ತೆಗೆದುಕೊಂಡೆ. ಸಿಪ್ಯಾನೆಲ್‌ನಲ್ಲಿ (ಹೋಸ್ಟಿಂಗ್ ಖಾತೆ ನಿರ್ವಹಿಸುವ ಪುಟ) ಫುಲ್ ಬ್ಯಾಕಪ್ ಇಳಿಸಿಕೊಂಡು, ಅದನ್ನು ಬಿಚ್ಚಿ, ಫೈಲುಗಳನ್ನು ಹೊಸ ಕಡೆ ಹಾಕಿದೆ. ಬರಹಗಳೆಲ್ಲ ಇರುವ ಡೇಟಾಬೇಸ್ ಇಂಪೋರ್ಟ್ ಆಗುವಾಗ ಕೊನೆಯಲ್ಲಿ ಏನೋ ಎರರ್ ಬಂತು. ಓದಲಿಲ್ಲ. ಸೈಟಿನ ಹೆಸರು (ಡೊಮೇನ್) ಹೊಸ ಸರ್ವರ್ ಕಡೆ ತೋರಿಸಲಿ ಅಂತ ನೇಮ್‌ಸರ್ವರ್ ಬದಲಿಸಿದೆ. ಬ್ರೌಸರ್‌ನಲ್ಲಿ ಮೂರೂ ಸೈಟು ಚೆನ್ನಾಗಿಯೇ ತೆರೆದವು. ಖುಷಿಯಲ್ಲಿ ಅವತ್ತೇ ಹಳೆಯ ಖಾತೆ ರದ್ದು ಮಾಡಿದೆ.

ನಾನು ನೋಡಿದ್ದು ಹಳೆಯ ಸರ್ವರನ್ನೇ. ಸೈಟಿನ ಹೆಸರು ಯಾವ ಸರ್ವರ್‌ನದು ಅಂತ ಹೇಳುವ ಡಿಎನ್‌ಎಸ್‌ನಲ್ಲಿ ಟಿಟಿಎಲ್ (ಸಿಕ್ಕ ವಿಳಾಸವನ್ನು ನೆನಪಿಟ್ಟುಕೊಳ್ಳುವ ಅವಧಿ) 86400 ಸೆಕೆಂಡ್ ಇತ್ತು, ಅಂದ್ರೆ ಪೂರ್ತಿ ಒಂದು ದಿನ. ಅಲ್ಲಿಯವರೆಗೆ ನನ್ನ ಕಂಪ್ಯೂಟರ್ ಹಳೆಯ ವಿಳಾಸಕ್ಕೇ ಹೋಗುತ್ತಿತ್ತು. ಕಂಪ್ಯೂಟರ್ ಡಿಎನ್‌ಎಸ್‌ಗಿಂತ ಮೊದಲು ನೋಡುವ ಹೋಸ್ಟ್ಸ್ ಫೈಲ್‌ನಲ್ಲಿ ಹೊಸ ಸರ್ವರ್‌ನ ಐಪಿ ವಿಳಾಸ ಮತ್ತು ಡೊಮೇನ್ ಹೆಸರಿನ ಒಂದು ಸಾಲು ಬರೆದಿದ್ದರೆ ನೇಮ್‌ಸರ್ವರ್ ಮುಟ್ಟುವ ಮೊದಲೇ ನಿಜ ಸ್ಥಿತಿ ಕಾಣುತ್ತಿತ್ತು. ಎರಡು ನಿಮಿಷದ ಕೆಲಸ.

ಮಾರನೇ ದಿನ ಸೈಟು ತೆರೆದರೆ ಒಂದೇ ಒಂದು ಬರಹ ಇಲ್ಲ. ತಮಾಷೆ ಅಂದ್ರೆ ಕಾಮೆಂಟುಗಳೆಲ್ಲ ಡೇಟಾಬೇಸ್‌ನಲ್ಲಿ ಭದ್ರವಾಗಿದ್ದವು! ಆಮೇಲೆ ಗೊತ್ತಾಯಿತು. ಫುಲ್ ಬ್ಯಾಕಪ್ ಫೈಲ್ ತಯಾರಾಗುವುದು ನಮ್ಮದೇ ಖಾತೆಯ ಜಾಗದಲ್ಲಿ. ನನ್ನ ಡಿಸ್ಕ್ ಕೋಟಾ ಆಗಲೇ ತುಂಬುವ ಹಂತದಲ್ಲಿತ್ತು. ಹಾಗಾಗಿ ಡೇಟಾಬೇಸಿನ ನಕಲಾದ ಎಸ್‌ಕ್ಯುಎಲ್ ಫೈಲ್ ಅರ್ಧಕ್ಕೇ ನಿಂತಿತ್ತು. ಅದರಲ್ಲಿ ಡೇಟಾಬೇಸಿನ ಪಟ್ಟಿಗಳು, ಅಂದ್ರೆ ಟೇಬಲ್‌ಗಳು, ಇಂಗ್ಲಿಷ್ ಅಕ್ಷರ ಕ್ರಮದಲ್ಲಿ ಬರುತ್ತವೆ: ಕಾಮೆಂಟ್ಸ್, ಆಪ್ಷನ್ಸ್, ಪೋಸ್ಟ್‌ಮೆಟಾ, ಆಮೇಲೆ ಬರಹಗಳಿರುವ ಪೋಸ್ಟ್ಸ್, ಕೊನೆಗೆ ಯೂಸರ್ಸ್. ನನ್ನದು ಪೋಸ್ಟ್‌ಮೆಟಾದ ನಡುವೆ ತುಂಡಾಗಿತ್ತು. ಆ ಫೈಲ್ ಬರೆಯುವ ಮೈಎಸ್‌ಕ್ಯುಎಲ್‌ಡಂಪ್ ಪೂರ್ತಿ ಮುಗಿದಿದ್ದರೆ ಫೈಲಿನ ಕಟ್ಟಕಡೆಯ ಸಾಲಿನಲ್ಲಿ ‘ಡಂಪ್ ಕಂಪ್ಲೀಟೆಡ್’ ಅಂತ ಇರುತ್ತದೆ. ಆ ಒಂದು ಸಾಲು ಇದೆಯಾ ಅಂತ ನೋಡಿದ್ದರೆ ಸಾಕಿತ್ತು.

ಸರಿ, ಹಳೆಯ ಕಂಪನಿಯನ್ನು ಕೇಳೋಣ ಅಂತ ಹೊರಟೆ. ಟಿಕೆಟ್ ಹಾಕಲು ಲಾಗಿನ್ ಆಗಬೇಕು. ಲಾಗಿನ್‌ಗೆ ಮೇಲ್‌ನಲ್ಲಿ ಕೋಡ್ ಬರಬೇಕು. ಆ ಮೇಲ್ ವಿಳಾಸ ಇದ್ದದ್ದು ನನ್ನದೇ ಡೊಮೇನ್‌ನಲ್ಲಿ, ನಾನೇ ರದ್ದು ಮಾಡಿದ ಖಾತೆಯಲ್ಲಿ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗಾಯಿತು. ಪುಣ್ಯಕ್ಕೆ ಡೊಮೇನ್ ಬೇರೆ ಕಡೆ ನೋಂದಣಿಯಾಗಿತ್ತು, ಅದರ ಲಾಗಿನ್‌ಗೂ ಬೇರೆ ಮೇಲ್ ಇತ್ತು. ಅದರಿಂದಲೇ ಬಚಾವಾದೆ. ಹೊಸ ಸರ್ವರ್‌ನಲ್ಲಿ ಅದೇ ಹೆಸರಿನ ಮೇಲ್‌ಬಾಕ್ಸ್ ಮಾಡಿ, ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ರೆಕಾರ್ಡ್ ಅಲ್ಲಿಗೆ ತಿರುಗಿಸಿ, ಕಾದು, ಕೋಡ್ ಹಿಡಿದೆ. ಡೊಮೇನ್, ಹೋಸ್ಟಿಂಗ್ ಎರಡೂ ಒಂದೇ ಕಂಪನಿಯಲ್ಲಿದ್ದಿದ್ದರೆ ಗುರುತಿನ ಚೀಟಿ ಹಿಡಿದು ಗೋಗರೆಯಬೇಕಿತ್ತು.

ಸಪೋರ್ಟ್‌ನವರ ಉತ್ತರ ತಣ್ಣಗಿತ್ತು: ರದ್ದಾದ ಕೂಡಲೇ ಖಾತೆ ಅಳಿಸಿಹೋಗಿದೆ, ವಾರದ ಬ್ಯಾಕಪ್ ಒಂದಿದೆ, ತೆಗೆದುಕೊಡಲು ಬೇರೆ ಶುಲ್ಕ. ಎರಡು ಮಾತಿಲ್ಲದೆ ಕಟ್ಟಿದೆ. ರದ್ದು ಮಾಡುವ ಪುಟದಲ್ಲಿ ಇದನ್ನು ಎಲ್ಲೋ ಸಣ್ಣ ಅಕ್ಷರದಲ್ಲಿ ಬರೆದಿದ್ದರಂತೆ. ದೊಡ್ಡದಾಗಿ ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮೇಲ್‌ಗಳದ್ದು ಇದಕ್ಕಿಂತ ಕೆಟ್ಟ ಕಥೆ. ಒಬ್ಬ ಗೆಳೆಯನ ಫೋನಿನಲ್ಲಿ ಮೇಲ್ ಐಮ್ಯಾಪ್ ಮೂಲಕ ಬರುತ್ತಿತ್ತು. ಹಳೆಯ ಮೇಲ್‌ಗಳು ಫೋನಿನಲ್ಲಿ ಕಾಣುತ್ತಿವೆಯಲ್ಲ, ಅಲ್ಲಿಂದ ತೆಗೆಯೋಣ ಅಂದುಕೊಂಡಿದ್ದೆ. ಆದರೆ ಐಮ್ಯಾಪ್‌ನಲ್ಲಿ ಅಸಲು ಇರುವುದು ಸರ್ವರ್‌ನಲ್ಲಿ, ಫೋನಿನದು ಬರೀ ನಕಲು. ಸರ್ವರ್ ಹೆಸರು ಅದೇ, ಪಾಸ್‌ವರ್ಡೂ ಅದೇ ಇಟ್ಟಿದ್ದೆ. ಫೋನ್ ಹೊಸ ಸರ್ವರ್‌ನ ಖಾಲಿ ಡಬ್ಬಿಯನ್ನು ನೋಡಿ ತನ್ನಲ್ಲಿದ್ದದ್ದನ್ನೂ ಖಾಲಿ ಮಾಡಿಕೊಂಡಿತು. ಹೊಸ ಸರ್ವರ್‌ನಲ್ಲಿ ಮೇಲ್‌ಬಾಕ್ಸ್ ಮಾಡುವ ಮೊದಲು ಆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಸಬೇಕಿತ್ತು. ಅದಕ್ಕೂ ಮೊದಲು, ಹಳೆಯ ಸರ್ವರ್ ಬದುಕಿದ್ದಾಗಲೇ, ಥಂಡರ್‌ಬರ್ಡ್ ಅನ್ನುವ ಮೇಲ್ ತಂತ್ರಾಂಶದಲ್ಲಿ ಎಲ್ಲವನ್ನೂ ಕಂಪ್ಯೂಟರಿನ ಲೋಕಲ್ ಫೋಲ್ಡರ್‌ಗೆ ನಕಲಿಸಿಡಬೇಕಿತ್ತು.

ಕೊನೆಗೆ ಮೂರೂ ಸೈಟು ಎದ್ದು ನಿಂತವು, ಐದು ದಿನದ ಬರಹ ಬಿಟ್ಟು. ಅದರಲ್ಲಿ ಒಂದು, ಹಳೆಯ ವೆಬ್ ಪುಟಗಳ ನಕಲು ಇಡುವ ವೇಬ್ಯಾಕ್ ಮಷೀನ್‌ನಲ್ಲಿ ಸಿಕ್ಕಿತು, ಚಿತ್ರಗಳಿಲ್ಲದೆ. ವಾರದ ಬ್ಯಾಕಪ್‌ನಲ್ಲಿ ಮೇಲ್ ಫೋಲ್ಡರ್ ಇರಲಿಲ್ಲ. ಆ ಗೆಳೆಯ ಏನೂ ಅನ್ನಲಿಲ್ಲ. ಆದರೆ ತನ್ನ ಸೈಟಿನ ಪಾಸ್‌ವರ್ಡನ್ನು ಈಗ ತಾನೇ ಇಟ್ಟುಕೊಂಡಿದ್ದಾನೆ.