ಐಸ್‌ಲ್ಯಾಂಡಿನಲ್ಲಿ ಬಾಡಿಗೆ ಕಾರು: ಗಾಡಿ ಚೆನ್ನಾಗಿದೆ, ಕೌಂಟರ್ ಅಷ್ಟಕ್ಕಷ್ಟೇ

ಕೆಫ್ಲಾವಿಕ್ ವಿಮಾನ ನಿಲ್ದಾಣದ ಹತ್ತಿರದ ಒಂದು ಸ್ಥಳೀಯ ಕಂಪನಿಯಿಂದ ಡೇಸಿಯಾ ಡಸ್ಟರ್ ಬಾಡಿಗೆಗೆ ಹಿಡಿದು, ದೇಶವನ್ನೇ ಒಂದು ಸುತ್ತು ಹಾಕುವ ರಿಂಗ್ ರೋಡ್ ಪೂರ್ತಿ ಸುತ್ತಿದೆವು. ಗಾಡಿಗೆ ಐದಕ್ಕೆ ನಾಲ್ಕು ಸ್ಟಾರ್. ಕೌಂಟರಿಗೆ ಎರಡು, ಅದೂ ಕಾಫಿ ಕೊಟ್ಟರಲ್ಲ ಅಂತ.

ಡಸ್ಟರ್ ಏನೂ ಐಷಾರಾಮಿ ಗಾಡಿಯಲ್ಲ, ಒಳಗೆ ಸದ್ದು ಜಾಸ್ತಿ. ಆದರೆ ಎತ್ತರವಾಗಿದೆ, ಹೀಟರ್ ಬೇಗ ಬಿಸಿಯಾಗುತ್ತದೆ, ಕಲ್ಲು ರಸ್ತೆಯಲ್ಲಿ ತಳ ಬಡಿಯುವುದಿಲ್ಲ. ರಿಂಗ್ ರೋಡ್ ಸುಮಾರು 1,300 ಕಿ.ಮೀ. ಇದೆ, 2019ರಿಂದ ಪೂರ್ತಿ ಡಾಂಬರು. ಬೇಸಿಗೆಯಲ್ಲಿ ಅಷ್ಟನ್ನೇ ಸುತ್ತಿ ಬರುವವರಿಗೆ ಚಿಕ್ಕ ಕಾರೇ ಸಾಕು, ದುಡ್ಡು ಉಳಿಸಿ. 'ಎಫ್' ಅಂತ ನಂಬರ್ ಇರುವ ಬೆಟ್ಟದ ರಸ್ತೆಗಳಿಗೆ ಹೋಗುವುದಾದರೆ ಮಾತ್ರ ಫೋರ್ ವೀಲ್ ಡ್ರೈವ್ ಕಡ್ಡಾಯ. ಅಲ್ಲಿ ಹೊಳೆ ದಾಟುವಾಗ ಇಂಜಿನ್ನಿಗೆ ನೀರು ನುಗ್ಗಿದರೆ ಸಾಮಾನ್ಯವಾಗಿ ಯಾವ ಇನ್ಶೂರೆನ್ಸೂ ಕೊಡುವುದಿಲ್ಲ, ಪೂರ್ತಿ ನಿಮ್ಮ ತಲೆಗೇ.

ಬಲಗಡೆ ಓಡಿಸುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. 1968ರ ಮೇ ತಿಂಗಳವರೆಗೆ ಇವರೂ ಎಡಕ್ಕೇ ಓಡಿಸುತ್ತಿದ್ದವರು! ವೇಗದ ಮಿತಿ ಡಾಂಬರಿನ ಮೇಲೆ ಗಂಟೆಗೆ 90 ಕಿ.ಮೀ., ಜಲ್ಲಿ ರಸ್ತೆಯಲ್ಲಿ 80, ಊರೊಳಗೆ 50. ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. ನನಗೆ ತುಂಬಾ ಹಿಡಿಸಿದ್ದು ಒಂದೇ ಗಾಡಿ ಹೋಗುವಷ್ಟು ಅಗಲದ ಸೇತುವೆಗಳು. ಮೊದಲು ಹತ್ತಿರ ಬಂದವರು ಮೊದಲು ದಾಟುತ್ತಾರೆ, ಎದುರಿನವರು ದೂರದಲ್ಲೇ ನಿಂತುಬಿಡುತ್ತಾರೆ. ಆಗ್ನೇಯದ ಕಡೆ ಒಂದು ಸೇತುವೆಯಲ್ಲಿ ನಮಗಾಗಿ ನಿಂತ ವ್ಯಾನಿನವನು ಸ್ಟೀರಿಂಗ್ ಬಿಡದೆ ಒಂದೇ ಒಂದು ಬೆರಳು ಎತ್ತಿದ, ಅಷ್ಟೇ ನಮಸ್ಕಾರ. ಹಾರ್ನ್ ಇಲ್ಲ, ಲೈಟ್ ಮಿಣುಕಿಸಿ ಹೆದರಿಸುವುದೂ ಇಲ್ಲ.

ಈಗ ಕೌಂಟರ್. ಮರಳು-ಬೂದಿ ಇನ್ಶೂರೆನ್ಸ್ (ಗಾಳಿಗೆ ಹಾರಿ ಬರುವ ಮರಳು, ಜ್ವಾಲಾಮುಖಿ ಬೂದಿಯಿಂದ ಗಾಡಿಗಾಗುವ ಹಾನಿಗೆ) ತಗೊಳ್ಳಿ ಅಂತ ಬಿಡದೆ ಗಂಟುಬಿದ್ದರು. ದಕ್ಷಿಣದಲ್ಲಿ ಗಾಳಿಗೆ ಮರಳೆದ್ದು ಪೇಂಟ್ ಕಿತ್ತುಬರುವುದುಂಟು, ಅದು ಸುಳ್ಳಲ್ಲ. ಆದರೆ ಬಾಗಿಲಿನ ವಿಷಯ ಯಾರೂ ಬಾಯಿ ಬಿಡಲಿಲ್ಲ. ಅಲ್ಲಿನ ಗಾಳಿಗೆ ಬಾಗಿಲು ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ತಿರುಗಿಬಿಡುತ್ತದೆ, ಕೀಲೇ ಬಗ್ಗುತ್ತದೆ, ಅದಕ್ಕೆ ಇನ್ಶೂರೆನ್ಸ್ ಇಲ್ಲ ಅಂತ ಕರಾರಿನ ಕೊನೆಯ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ಮೊದಲು ಹೇಳಬೇಕಾದ್ದು ಇದೇ ಅಲ್ವಾ? ಗಾಳಿಗೆ ಮುಖ ಮಾಡಿ ನಿಲ್ಲಿಸಿ, ಒಂದು ಕೈಯಲ್ಲಿ ಬಾಗಿಲು ಬಿಗಿಯಾಗಿ ಹಿಡಿದೇ ಇಳಿಯಿರಿ.

ಪೆಟ್ರೋಲ್ ಬಂಕಲ್ಲಿ ಎಷ್ಟೋ ಕಡೆ ಆಳಿರುವುದಿಲ್ಲ, ಪಿನ್ ಇರುವ ಕಾರ್ಡ್ ಬೇಕು. ಉತ್ತರದ ಆಕುರೇರಿ ಊರಿನ ಹತ್ತಿರದ ಸುರಂಗದಲ್ಲಿ ಟೋಲ್ ಗೇಟೇ ಇಲ್ಲ, ಆನ್‌ಲೈನಲ್ಲಿ ನಾವೇ ಕಟ್ಟಬೇಕು. ಮರೆತರೆ ಬಿಲ್ಲು ಬಾಡಿಗೆ ಕಂಪನಿಗೆ ಹೋಗುತ್ತದೆ, ಅವರು ತಮ್ಮ ಶುಲ್ಕವನ್ನೂ ಸೇರಿಸಿ ಕಾರ್ಡಿಗೆ ಹಾಕುತ್ತಾರೆ.

ವಾಪಸ್ ಕೊಡುವಾಗ ಹುಡುಗನೊಬ್ಬ ಟಾರ್ಚ್ ಹಿಡಿದು ಮುಂದಿನ ಬಂಪರ್ ಕೆಳಗೆ ಬಗ್ಗಿ ಒಂದು ಗೀರು ತೋರಿಸಿದ. ಗಾಡಿ ತಗೊಳ್ಳುವಾಗಲೇ ಮಾಡಿದ್ದ ವಿಡಿಯೋದಲ್ಲಿ ಅದೇ ಗೀರು ಇತ್ತು, ತೋರಿಸಿದ ಮೇಲೆ ಸುಮ್ನೆ ಟಿಕ್ ಹಾಕಿಕೊಂಡು ಹೋದ. ಸಾರಿ ಇಲ್ಲ, ಏನಿಲ್ಲ. ಡಿಪಾಸಿಟ್ ಕೂಡ ಎರಡು ಸಲ ಮೇಲ್ ಹಾಕಿದ ಮೇಲೇ ಬಂದಿದ್ದು. ಮತ್ತೆ ಹೋದರೆ ಡಸ್ಟರೇ ತಗೊಳ್ಳುತ್ತೇನೆ, ಬೇರೆ ಕಂಪನಿಯಿಂದ.