ಎರಡು ಪುಟದ ಟಿಪ್ಪಣಿಯೋ, ಶಾಲೆಗೆ ಭೇಟಿಯೋ?

ಹದಿಹರೆಯದವರ ರಕ್ತಹೀನತೆ ಬಗ್ಗೆ ಅಧ್ಯಯನ ಮುಗಿಸಿದ್ದೀರಿ. ಅದನ್ನು ಅಧಿಕಾರಿಗಳಿಗೆ ಮುಟ್ಟಿಸುವುದು ಹೇಗೆ ಅಂತ ಕೇಳಿದ್ದೀರಿ. ಎರಡು ಪುಟದ ಟಿಪ್ಪಣಿ ಕೊಡಬಹುದು, ಇಲ್ಲವೇ ಅವರನ್ನೇ ಒಂದು ಶಾಲೆಗೆ ಕರೆದುಕೊಂಡು ಹೋಗಬಹುದು.

ಖರ್ಚು ನೋಡಿದರೆ ಟಿಪ್ಪಣಿಯೇ ಅಗ್ಗ. ಭೇಟಿಗೆ ಗಾಡಿ, ಅನುಮತಿ, ಸಾಹೇಬರ ಬಿಡುವು ಎಲ್ಲ ಹೊಂದಬೇಕು. ಕೊನೆಯದು ಸಿಗುವುದೇ ಕಷ್ಟ.

ಬಾಳಿಕೆಯಲ್ಲೂ ಟಿಪ್ಪಣಿ ಮುಂದು. ಅಧಿಕಾರಿಗೆ ವರ್ಗವಾದರೂ ಕಾಗದ ಫೈಲಿನಲ್ಲಿ ಉಳಿಯುತ್ತದೆ. ಆದರೆ ಏನು ಆಗಬೇಕು ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ದೇಶದಲ್ಲಿ 15–19 ವಯಸ್ಸಿನ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆ ಎಂಬ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್ ಅಂಕಿಯನ್ನೇ ಸುಮ್ನೆ ಮತ್ತೆ ಒಪ್ಪಿಸಬೇಡಿ.

ಮನಸ್ಸಿಗೆ ನಾಟುವುದು ಮಾತ್ರ ಭೇಟಿ. ರಕ್ತಹೀನತೆ ತಡೆಯಲು ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸಬಹುದು. ಮುಂದಿನ ವಾರ ಮಾತ್ರೆ ಸದ್ದಿಲ್ಲದೆ ಬ್ಯಾಗು ಸೇರುತ್ತದೆ. ರಿಜಿಸ್ಟರಿನಲ್ಲಿ 'ಕೊಟ್ಟಿದೆ' ಅಂತಷ್ಟೇ ಇರುತ್ತದೆ. ಇದನ್ನು ಹುಡುಗಿಯ ಬಾಯಿಂದಲೇ ಕೇಳಬೇಕು, ಅಲ್ವಾ?

ಬಜೆಟ್ ತಯಾರಿಯ ಹೊತ್ತಿಗೆ ಹಣ ಕೇಳುವುದಾದರೆ ಟಿಪ್ಪಣಿ ಸಾಕು. ಯೋಜನೆ ಇದ್ದೂ ಸರಿಯಾಗಿ ನಡೆಯುತ್ತಿಲ್ಲ ಅಂದರೆ ಶಾಲೆಗೆ ಕರೆದುಕೊಂಡು ಹೋಗಿ. ಮುನ್ನಾ ದಿನ ಅಲ್ಲಿ ಸುಣ್ಣ ಬಳಿಯದಂತೆ ನೋಡಿಕೊಳ್ಳಿ!